ಕಾಯರ್ಗುಳಿ ಶಾಲೆಯ ಬಾವಿ

ಕಾಯರ್ಗುಳಿ, ನಾರಾವಿ ಅಂಚೆ
21 ಜೂನ್ 1959

ಅಪ್ಪನಿಗೆ ಶಶಿಪ್ರಭಾಳ ನಮಸ್ಕಾರ.

ನಾನು ತಲುಪಿದೆ. ಬಸ್ಸು ಹತ್ತಿಸಲು ನೀವು ಬರಲಿಲ್ಲ, ಆದ್ದರಿಂದ ತಲುಪಿದ ಸುದ್ದಿಯನ್ನೂ ತಿಳಿಸುವುದಿಲ್ಲ ಎಂದು ದಾರಿಯುದ್ದಕ್ಕೂ ಹಟ ಹಿಡಿದಿದ್ದೆ. ನಾರಾವಿಯಲ್ಲಿ ಇಳಿದು ಗುಡ್ಡ ಹತ್ತುವಷ್ಟರಲ್ಲಿ ಅರ್ಧ ಹಟ ಇಳಿಯಿತು. ಉಳಿದದ್ದು ಮಳೆಗೆ ಹೋಯಿತು.

ಶಾಲೆ ಎಂದರೆ ಮುರಕಲ್ಲಿನ ಒಂದು ಕೋಣೆ, ಮೇಲೆ ಮುಳಿಹುಲ್ಲು. ಮುಖ್ಯೋಪಾಧ್ಯಾಯಿನಿ ನಾನೇ, ಗಂಟೆ ಹೊಡೆಯುವವಳೂ ನಾನೇ. ರುಕ್ಮಯ್ಯ ಗೌಡರೆಂಬ ಕೃಷಿಕರ ಮನೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. “ನೀವು ಮೂಡುಬಿದಿರೆಯ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರ ಮಗಳಂತಲ್ಲ ಟೀಚರೇ, ನಮ್ಮಲ್ಲಿ ಹೇಗೆ ಉಣ್ತೀರಿ?” ಎಂದು ಅವರಿಗೇ ನನಗಿಂತ ಹೆಚ್ಚು ಚಿಂತೆ. ನಾನೇ ಅಡುಗೆ ಮಾಡಿಕೊಳ್ಳುತ್ತೇನೆ, ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇನೆ. ನೀವು ಸುಮ್ಮನೆ ಮಂಡೆಬಿಸಿ ಮಾಡಿಕೊಳ್ಳಬೇಡಿ.

ಶಾಲೆಯ ಅಂಗಳದಲ್ಲಿ ಒಂದು ಬಾವಿ ಉಂಟು. ಸುತ್ತಲಿನ ಮನೆಗಳಿಗೂ ಅದೇ ನೀರು. ಮೊದಲನೆಯ ದಿನ ಕೊಡಪಾನದ ಬಾಯಿಗೆ ನಾಲ್ಕು ಮಡಿಕೆಯ ಬಟ್ಟೆ ಹಾಕಿ ನೀರು ಗಾಳಿಸುವಾಗ ಮಕ್ಕಳೆಲ್ಲ ಸುತ್ತ ನಿಂತವು. “ಮೀನು ಹಿಡಿಯುವುದಾ ಟೀಚರ್?” ಎಂದು ಒಬ್ಬ ಕೇಳಿದ. ಕಣ್ಣಿಗೆ ಕಾಣದ ಜೀವಗಳು ನೀರಿನಲ್ಲಿ ಉಂಟು, ಅವನ್ನು ಕುಡಿಯಬಾರದು, ಬಟ್ಟೆಯಲ್ಲಿ ಉಳಿದವನ್ನು ಮತ್ತೆ ಅದೇ ಬಾವಿಗೆ ಸೇರಿಸಬೇಕು ಎಂದೆ. ಬಟ್ಟೆಯನ್ನು ಮಗುಚಿ ಚೆಂಬಿನಲ್ಲಿ ಜಾಲಿಸಿ, ಆ ಚೆಂಬನ್ನು ಹಗ್ಗ ಕಟ್ಟಿ ನೀರಿನ ಮಟ್ಟದ ತನಕ ಇಳಿಸಿದೆ. ಮೇಲಿಂದ ಸುರಿದರೆ ಆಗುವುದಿಲ್ಲವೇ ಎಂದರು. ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ ಎಂದು ನಿಮ್ಮದೇ ಸ್ವರದಲ್ಲಿ ಹೇಳಿದೆ. ನನಗೇ ನಗು ಬಂತು.

ಎರಡನೆಯ ಕ್ಲಾಸಿನಲ್ಲಿ ಅಮ್ಮಣಿ ಎಂಬ ಹುಡುಗಿ ಇದ್ದಾಳೆ. “ಅವರಿಗೆ ಹೆಸರುಂಟಾ?” ಎಂದು ಕೇಳಿದಳು. ಇಲ್ಲ ಎಂದೆ. “ಪಾಪ” ಎಂದಳು. ಈಗ ಚೆಂಬು ಇಳಿಸುವುದು ಅವಳ ಕೆಲಸ. ಕಟ್ಟೆಯ ಮೇಲೆ ಹೊಟ್ಟೆಯಡಿ ಮಲಗಿ, “ಬಂದ್ರು, ಜಾಗ ಬಿಡಿ” ಎಂದು ಬಾವಿಯೊಳಗೆ ಕೂಗುತ್ತಾಳೆ.

ನಿಮ್ಮ
ಶಶಿ


ಮೂಡುಬಿದಿರೆ
4 ಜುಲೈ 1959

ಶಶಿ,

ನಾನು ಬಸ್ಸಿನ ಹತ್ತಿರ ಬಾರದಿದ್ದದ್ದು ಮಂಡೆನೋವಿನಿಂದ. ನಿನ್ನ ಅಮ್ಮ ಬದುಕಿದ್ದರೆ ಅದನ್ನು ನಂಬುತ್ತಿರಲಿಲ್ಲ. ನೀನು ನಂಬು.

ಬಟ್ಟೆ ದಪ್ಪದ್ದಿರಲಿ, ಹಳತಾಗಿ ಜಾಳಾದರೆ ಬದಲಿಸು. ಗಾಳಿಸಿದ ನೀರನ್ನು ಬಹಳ ಹೊತ್ತು ಇಡಬೇಡ. ಕಂಡಕಂಡವರ ಮನೆಯಲ್ಲಿ ನೀರು ಕುಡಿಯಬೇಡ. ಇದನ್ನು ನಾನು ಹೇಳುತ್ತಲೇ ಇರುತ್ತೇನೆ, ನೀನು ಕೇಳಿಸದವಳ ಹಾಗೆ ಇರುತ್ತಿ. ಬೋರ್ಡು ಶಾಲೆಯ ಕೆಲಸ ನಮಗೆ ಬೇಡವೆಂದು ನಾನು ಹೇಳಿದ್ದು ಇದಕ್ಕೇ. ಮನೆ ಬಿಟ್ಟು ಹೊರಟವರ ನಿಯಮ ಒಂದೊಂದಾಗಿ ಜಾರುತ್ತದೆ.

ಆ ಹುಡುಗಿಗೆ ಹೇಳು, ಅವಕ್ಕೆ ಹೆಸರಿಲ್ಲ, ಆದರೆ ನಮ್ಮ ಹಾಗೆಯೇ ಸಾಯಲು ಅವಕ್ಕೂ ಮನಸ್ಸಿಲ್ಲ. ಅಷ್ಟು ತಿಳಿದರೆ ಸಾಕು. ಅವಳು ಕೂಗುವುದನ್ನು ಓದಿ ನಾನೂ ಸ್ವಲ್ಪ ನಕ್ಕೆ.

ಅನಂತರಾಜ ಇಂದ್ರ


ಕಾಯರ್ಗುಳಿ
23 ಆಗಸ್ಟ್ 1959

ಅಪ್ಪಾ,

ಅಮ್ಮಣಿ ಹೋದಳು.

ಶಾಲೆಯಲ್ಲಿ ಹಲವು ಮಕ್ಕಳಿಗೆ ರಕ್ತಭೇದಿ ಹಿಡಿದಿತ್ತು. ಉಳಿದವರು ಹೇಗೋ ಎದ್ದರು. ಇವಳನ್ನು ಕಂಬಳಿಯಲ್ಲಿ ಸುತ್ತಿ ಬೆಳ್ತಂಗಡಿಯ ಆಸ್ಪತ್ರೆಗೆ ಹೊತ್ತುಕೊಂಡು ಹೊರಟರು. ಹೊಳೆ ತುಂಬಿ ಹೋಗುತ್ತಿತ್ತು. ಇಳಿಯಲಿ ಎಂದು ದಡದಲ್ಲಿ ಕಾದರು. ನೀರು ಇಳಿಯುವಾಗ ಕರೆದುಕೊಂಡು ಹೋಗಲು ಅವಳಿರಲಿಲ್ಲ.

ನಿನ್ನೆ ಅವಳ ತಾಯಿ ಸೇಸಮ್ಮ ನೀರಿಗೆ ಬಂದಿದ್ದರು. ಕೊಡಪಾನ ಕೆಳಗಿಟ್ಟು ನನ್ನ ಹತ್ತಿರ ಕೇಳಿದರು: “ಟೀಚರೇ, ಅವಳು ಮನೆಯಲ್ಲಿ ಕೂಡ ನೀವು ಮಾಡಿದ ಹಾಗೆ ಸೋಸಿದ ನೀರೇ ಬೇಕೂಂತ ಹಟ ಮಾಡ್ತಿದ್ದಳು. ಅದು ಒಳ್ಳೆಯ ನೀರಲ್ವಾ?”

ಒಳ್ಳೆಯ ನೀರೇ ಎಂದೆ. ಅವರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ, ನಂಬಿಕೆಯಿಂದ. ಅದೇ ನನಗೆ ತಡೆಯಲಾಗಲಿಲ್ಲ.

ಅಪ್ಪಾ, ನಮ್ಮ ಬಟ್ಟೆ ದಾಟಿ ಬರುವಂಥದ್ದು ಏನಾದರೂ ಉಂಟೇ?

ಶಶಿ


ಮೂಡುಬಿದಿರೆ
10 ಸೆಪ್ಟೆಂಬರ್ 1959

ಶಶಿ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು ಇಷ್ಟು ದಿನವಾಯಿತು.

ಗಾಳಿಸಿದರೆ ಸಾಲದು, ಕುದಿಸು. ನಮ್ಮ ಮುನಿಗಳು ಕುಡಿಯುವುದು ಕುದಿಸಿದ ನೀರನ್ನೇ. ಹಾಗಾದರೆ ಜೀವಗಳು ಸಾಯುವುದಿಲ್ಲವೇ ಎಂದು ನೀನು ಚಿಕ್ಕವಳಿದ್ದಾಗ ಕೇಳಿ ನನ್ನ ಬಾಯಿ ಮುಚ್ಚಿಸಿದ್ದಿ. ಸಾಯುತ್ತವೆ. ಆದರೆ ಆ ಹಿಂಸೆ ಒಂದು ಪಾತ್ರೆಯಲ್ಲಿ ಮುಗಿಯುತ್ತದೆ, ಬಾವಿ ಬದುಕಿ ಉಳಿಯುತ್ತದೆ. ನಿನ್ನ ಅಮ್ಮನ ತಾಮ್ರದ ಹಂಡೆಯನ್ನು ಬಸ್ಸಿನಲ್ಲಿ ಕಳುಹಿಸಿದ್ದೇನೆ. ಮಕ್ಕಳಿಗೆ ಕುದಿಸಿಯೇ ಕೊಡು.

ಆ ತಾಯಿಗೆ ಹೇಳುವಂಥ ಮಾತು ನನ್ನಲ್ಲಿಲ್ಲ. ಹುಡುಕಿದೆ, ಸಿಗಲಿಲ್ಲ.

ಅನಂತರಾಜ ಇಂದ್ರ


ಕಾಯರ್ಗುಳಿ
11 ಅಕ್ಟೋಬರ್ 1959

ಅಪ್ಪಾ,

ಹಂಡೆ ಬಂತು. ಒದ್ದೆ ಸೌದೆಯ ಹೊಗೆಯಲ್ಲಿ ನಾನೂ ಮಕ್ಕಳೂ ಕಣ್ಣು ಕೆಂಪು ಮಾಡಿಕೊಂಡು ದಿನಾ ಕುದಿಸುತ್ತೇವೆ. ಶಾಲೆಯಲ್ಲಿ ಕುದಿಸಿದ್ದು ಕುಡಿಯುತ್ತಾರೆ, ಮನೆಗೆ ಹೋಗಿ ಅದೇ ಬಾವಿಯ ಹಸಿ ನೀರು ಕುಡಿಯುತ್ತಾರೆ. ಮನೆಮನೆಗೆ ಹೋಗಿ ಹೇಳಿದೆ. ಗಂಜಿ ಬೇಯಿಸಲು ಸೌದೆ ಇಲ್ಲದವರು ನೀರಿಗೆ ಎಲ್ಲಿಂದ ತರುವುದು?

ಕಳೆದ ತಿಂಗಳ ಕೊನೆಗೆ ಬೆಳ್ತಂಗಡಿಯಿಂದ ಹೆಲ್ತ್ ಇನ್ಸ್‌ಪೆಕ್ಟರ್ ಬಂದಿದ್ದರು. ಅಬ್ದುಲ್ ಶುಕೂರ್ ಎಂದು ಹೆಸರು, ಬ್ಯಾರಿಗಳು. ಬಂದವರೇ ಬಾವಿ ನೋಡಲಿಲ್ಲ. “ಮಕ್ಕಳು ಹೊರಗೆ ಹೋಗುವುದು ಎಲ್ಲಿಗೆ?” ಎಂದರು. ಎಲ್ಲರೂ ನೆಲ ನೋಡಿದರು. ಒಂದು ಮಗು ಮೇಲಿನ ಗೇರುಗುಡ್ಡೆಯ ಕಡೆ ಕೈ ತೋರಿಸಿತು. ಅಷ್ಟು ಏರು ಹತ್ತುವುದು ಯಾಕೆ, ಕೆಳಗೆ ಜಾಗ ಇಲ್ವಾ ಎಂದು ಕೇಳಿದರು. ರುಕ್ಮಯ್ಯ ಗೌಡರಿಗೆ ಆಶ್ಚರ್ಯ. “ಕೆಳಗೆ ನಾಗಬನ ಉಂಟಲ್ಲ ಮಾರಾಯ್ರೆ, ನಾಗನ ಹತ್ತಿರ ಹೊಲಸು ಮಾಡ್ಲಿಕ್ಕುಂಟಾ? ನಮ್ಮ ಅಜ್ಜಂದಿರ ಕಾಲದಿಂದ ಎಲ್ಲರೂ ಮೇಲೆಯೇ ಹೋಗುವುದು.”

ಶುಕೂರ್ ಸಾಹೇಬರು ಗುಡ್ಡೆಯನ್ನು ನೋಡಿದರು, ಅಲ್ಲಿಂದ ಮಳೆನೀರು ಇಳಿದ ಚರಂಡಿಯನ್ನು ನೋಡಿದರು, ಅದು ಬಂದು ಸೇರುವ ಬಾವಿಯನ್ನು ನೋಡಿದರು. ಅವರ ಕಣ್ಣಿನ ಹಿಂದೆಯೇ ಎಲ್ಲರ ಕಣ್ಣೂ ಇಳಿದು ಬಂತು. ಸೇಸಮ್ಮ ಅಲ್ಲೇ ಕೂತುಬಿಟ್ಟರು. ನಾಗನಿಗೆ ಮೈಲಿಗೆಯಾಗಬಾರದೆಂದು ಊರಿಗೆ ಊರೇ ಮಾಡಿದ ಭಕ್ತಿ, ಮಳೆಗಾಲದಲ್ಲಿ ಮಕ್ಕಳ ಲೋಟಕ್ಕೆ ಬರುತ್ತಿತ್ತು.

ಮರುದಿನವೇ ರುಕ್ಮಯ್ಯ ಗೌಡರು ಬಾವಿಗೂ ಬನಕ್ಕೂ ನೀರು ಇಳಿಯದ ಇನ್ನೊಂದು ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರು. ಹೊಂಡ ತೋಡಿ, ತೆಂಗಿನ ಮಡಲಿನ ತಟ್ಟಿ ಕಟ್ಟಿ ಕಕ್ಕಸು ಮಾಡಿದ್ದೇವೆ, ಹುಡುಗಿಯರಿಗೆ ಬೇರೆ. ಹೊರಗೆ ಬೂದಿ ಮತ್ತು ಅಂಟುವಾಳದ ನೀರು ಇಟ್ಟಿದ್ದೇನೆ, ಕೈ ತೊಳೆಯದೆ ಒಳಗೆ ಬಂದವರು ನನ್ನ ಬಾಯಿಗೆ ಸಿಕ್ಕಿ ಹಣ್ಣಾಗುತ್ತಾರೆ. ದೊಡ್ಡವರಾದರೆಂದು ಮನೆಯಲ್ಲಿ ನಿಂತಿದ್ದ ಹುಡುಗಿಯರಲ್ಲಿ ಕೆಲವರು ಮತ್ತೆ ಶಾಲೆಗೆ ಬಂದಿದ್ದಾರೆ. ಒಂದು ತಟ್ಟಿಗೆ ಅಷ್ಟು ಶಕ್ತಿ ಉಂಟೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಮುಖ್ಯವಾದದ್ದು. ಶುಕೂರ್ ಸಾಹೇಬರು ಪೆಟ್ಟಿಗೆಯಿಂದ ಒಂದು ಸೂಕ್ಷ್ಮದರ್ಶಕ ತೆಗೆದರು. ನಾನು ಗಾಳಿಸಿದ ಬಟ್ಟೆಯನ್ನು ಜಾಲಿಸಿದ ನೀರಿನ ಒಂದು ಹನಿ ಇಟ್ಟು ನನ್ನನ್ನು ಕರೆದರು. ಅಪ್ಪಾ, ಅವು ಉಂಟು. ಹುಟ್ಟಿದಂದಿನಿಂದ ನಾವು ಯಾರಿಗಾಗಿ ಹಗ್ಗ ಇಳಿಸುತ್ತಾ ಬಂದೆವೋ ಅವರನ್ನು ನಾನು ನೋಡಿದೆ. ಗಾಜಿನ ಹಾಗೆ ಮೈ, ಒಳಗೆ ಏನೋ ಮಿಡಿಯುತ್ತದೆ. ಒಂದಕ್ಕೆ ಬಾಯಿಯ ಸುತ್ತ ಕೂದಲಿನಂಥದ್ದು, ಚಕ್ರ ತಿರುಗಿದ ಹಾಗೆ ಕಾಣುತ್ತದೆ. ಇನ್ನೊಂದು ತತ್ತಿಯ ಚೀಲ ಹೊತ್ತುಕೊಂಡು ಓಡಾಡುತ್ತದೆ, ಬಸುರಿ. ಪಾದದ ಕೆಳಗಿನ ನೆಲ ಕೂಡ ಜೀವಂತವಾದ ಹಾಗೆ ಅನ್ನಿಸಿ ಹೆಜ್ಜೆ ಇಡಲು ಹೆದರಿದೆ. ಮಕ್ಕಳೆಲ್ಲ ಸಾಲಾಗಿ ನಿಂತು ನೋಡಿದವು. ಬಸದಿಯ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಇದ್ದವು.

ಆಮೇಲೆ ಶುಕೂರ್ ಸಾಹೇಬರು ಹೇಳಿದರು: “ಇವು ಪಾಪದವು ಟೀಚರ್, ಯಾರಿಗೂ ತೊಂದರೆ ಕೊಡುವುದಿಲ್ಲ. ಭೇದಿ ತರುವುದು ಇದಕ್ಕಿಂತ ಎಷ್ಟೋ ಸಣ್ಣದು, ನಿಮ್ಮ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲೇಬೇಕು. ಹಾಕಿದರೆ ಆ ಸಣ್ಣದೂ ಸಾಯ್ತದೆ, ಇವೂ ಸಾಯ್ತವೆ.”

ಶಾಲೆಯ ಬಾವಿ, ಆದ್ದರಿಂದ ನಾನು ಹೂಂ ಎನ್ನಬೇಕು. ನಾನು ಇನ್ನೂ ಏನೂ ಹೇಳಿಲ್ಲ. ನೀವು ಹೇಳಿ.

ಶಶಿ


ಮೂಡುಬಿದಿರೆ
25 ಅಕ್ಟೋಬರ್ 1959

ಶಶಿ,

ಅವಕ್ಕೆ ಕಣ್ಣುಂಟೇ? ಒಂದರ ದಾರಿಗೆ ಇನ್ನೊಂದು ಅಡ್ಡ ಬಂದರೆ ಸರಿದು ಹೋಗುತ್ತವೆಯೇ? ತತ್ತಿ ಹೊತ್ತದ್ದು ಉಳಿದವಕ್ಕಿಂತ ನಿಧಾನವಾಗಿ ಹೋಗುತ್ತಿತ್ತೇ? ನೀನು ಯಾವಾಗಲೂ ಅರ್ಧ ಬರೆಯುತ್ತಿ. ನಿನ್ನ ಕಾಗದವನ್ನು ಪೂಜೆ ಮುಗಿಸಿ ಓದಿದೆ, ಮತ್ತೆ ಓದಿದೆ. ಆ ದಿನ ನೀರು ಕುಡಿಯುವಾಗ ಲೋಟವನ್ನು ಬಹಳ ಹೊತ್ತು ನೋಡಿದೆ.

ಅಷ್ಟನ್ನು ನೋಡಿದವಳು ನನ್ನ ಹತ್ತಿರ ಏನು ಕೇಳುತ್ತಿ? ಬಾವಿಗೆ ಪುಡಿ ಹಾಕಬಾರದು. ನೋಡುವ ಮೊದಲು ಹಾಕಿದ್ದರೆ ಅಜ್ಞಾನ ಎನ್ನಬಹುದಿತ್ತು, ಈಗ ಅದಕ್ಕೂ ದಾರಿಯಿಲ್ಲ. ಆ ಪುಡಿ ಹಾಕಿದ ಕೈಯಿಂದ ನಾನು ನೀರು ತೆಗೆದುಕೊಳ್ಳಲಾರೆ, ಅದು ಮಗಳ ಕೈಯಾದರೂ ಸರಿ. ಕೋಪದಿಂದ ಬರೆಯುತ್ತಿಲ್ಲ. ಕೋಪವಿದ್ದಿದ್ದರೆ ಸುಲಭವಿತ್ತು.

ಕಕ್ಕಸು ಕಟ್ಟಿಸಿದ್ದು ಒಳ್ಳೆಯದಾಯಿತು. ಇನ್ನು ಮೇಲಿಂದ ಹೊಲಸು ಬರುವುದಿಲ್ಲವಲ್ಲ, ಬಾವಿ ತಾನಾಗಿ ತಿಳಿಯಾಗುತ್ತದೆ. ಕಾದು ನೋಡು.

ಅನಂತರಾಜ ಇಂದ್ರ


ಕಾಯರ್ಗುಳಿ
6 ಡಿಸೆಂಬರ್ 1959

ಅಪ್ಪಾ,

ಕಾದು ನೋಡಿದೆ. ಸೇಸಮ್ಮನ ಸಣ್ಣ ಮಗನನ್ನು ಮೊನ್ನೆ ಬೆಳ್ತಂಗಡಿ ಆಸ್ಪತ್ರೆಗೆ ಸೇರಿಸಿದ್ದಾರೆ. ಅದೇ ಭೇದಿ. ಈ ಸಲ ಹೊಳೆ ದಾರಿ ಬಿಟ್ಟುಕೊಟ್ಟಿತು, ಹುಡುಗ ಉಳಿಯಬಹುದು ಎನ್ನುತ್ತಾರೆ. ಸೇಸಮ್ಮ ಈಗ ನನ್ನ ಹತ್ತಿರ ಏನೂ ಕೇಳುವುದಿಲ್ಲ.

ಬರುವ ಭಾನುವಾರ, ಹದಿಮೂರಕ್ಕೆ, ಬಾವಿಗೆ ಪುಡಿ ಹಾಕುವುದೆಂದು ಗೊತ್ತು ಮಾಡಿದ್ದೇನೆ. ಶುಕೂರ್ ಸಾಹೇಬರೇ ಹಾಕಲಿ ಎಂದುಕೊಂಡಿದ್ದೆ. ಊರಿನವರು ಒಪ್ಪಲಿಲ್ಲ. ಸರಕಾರದ ಪುಡಿಯಿಂದ ಮೈಗೆ ಏನೇನೋ ಆಗುತ್ತದೆಂದು ಅವರಿಗೆ ಹೆದರಿಕೆ. ರುಕ್ಮಯ್ಯ ಗೌಡರು ಎಲ್ಲರ ಪರವಾಗಿ ಹೇಳಿದರು: “ಇಂದ್ರರ ಮಗಳು ಹಾಕಿ ಅವರೇ ಮೊದಲು ಕುಡಿದರೆ ನಾವೂ ಕುಡಿಯುವ. ಇರುವೆಯನ್ನು ಕೂಡ ತುಳಿಯದವರು ನಮಗೆ ವಿಷ ಹಾಕ್ಲಿಕ್ಕಿಲ್ಲ.” ನಾವು ಕೊಲ್ಲುವವರಲ್ಲ ಎಂಬ ಕಾರಣಕ್ಕೇ ನಾನು ಕೊಲ್ಲಬೇಕಾಗಿ ಬಂತು.

ನೀವು ಒಪ್ಪಿಗೆ ಕೊಡಬೇಡಿ. ನಾನು ಕೇಳುವುದೂ ಇಲ್ಲ. ಮನೆಗೆ ಬಂದಾಗ ಹೊರಗಿನ ಚಾವಡಿಯಲ್ಲೇ ಇರುತ್ತೇನೆ, ನೀರಿನ ಕೊಡಪಾನ ಮುಟ್ಟುವುದಿಲ್ಲ. ನನಗೆ ಅಳು ಬರುತ್ತದೆ ಅಪ್ಪಾ, ಆದರೂ ಹಾಕುತ್ತೇನೆ.

ಶಶಿ


ಕಾಯರ್ಗುಳಿ
20 ಡಿಸೆಂಬರ್ 1959

ಅಪ್ಪಾ,

ಸೋಮವಾರ ನೀವು ಒಂದು ಮಾತೂ ಆಡದೆ ಗುಡ್ಡ ಇಳಿದು ಹೋದಿರಿ. ನೀವು ಮಾಡಿದ್ದನ್ನು ನಿಮಗೇ ಬರೆದು ತಿಳಿಸುತ್ತಿದ್ದೇನೆ ಎಂದು ನಗಬೇಡಿ. ನಿಮ್ಮನ್ನು ನೋಡಿದವಳು ನಾನು. ನಿಮಗೆ ನಿಮ್ಮನ್ನು ನೋಡಲು ಆಗಿಲ್ಲ.

ಶನಿವಾರ ಸಂಜೆ ನೀವು ಮನೆಯ ನೀರಿನ ಗಿಂಡಿ ಹಿಡಿದುಕೊಂಡು ಏರು ಹತ್ತಿ ಬಂದದ್ದನ್ನು ಕಂಡು ನನ್ನನ್ನು ತಡೆಯಲು ಬಂದಿರಿ ಎಂದೇ ತಿಳಿದೆ. ಜಗಳಕ್ಕೆ ತಯಾರಾಗಿದ್ದೆ. ನೀವು ಕೇಳಿದ್ದು ಆ ಸೂಕ್ಷ್ಮದರ್ಶಕ ಎಲ್ಲಿ ಎಂದು ಮಾತ್ರ. ಭಾನುವಾರ ಬೆಳಗ್ಗೆ ಶುಕೂರ್ ಸಾಹೇಬರು ಹನಿ ಇಟ್ಟುಕೊಟ್ಟರು. ನೀವು ಅಂಗವಸ್ತ್ರ ಸೊಂಟಕ್ಕೆ ಸುತ್ತಿ ಬಗ್ಗಿದಿರಿ. ಏಳಲೇ ಇಲ್ಲ. ಕೊನೆಗೆ ಎದ್ದಾಗ ಮುಖ ಒದ್ದೆಯಾಗಿತ್ತು, ಒರೆಸಿಕೊಳ್ಳಬೇಕೆಂದೂ ನಿಮಗೆ ತೋಚಲಿಲ್ಲ. ಆ ಹನಿಗೆ ಕೈಮುಗಿದಿರಿ. ಶುಕೂರ್ ಸಾಹೇಬರು ತಲೆಯ ಟೊಪ್ಪಿ ಸರಿಮಾಡಿಕೊಂಡು ದೂರ ಹೋಗಿ ನಿಂತರು.

ಆಮೇಲೆ ನೀವು ಕೇಳಿದಿರಿ, “ಇವರನ್ನು ಬೇರೆ ಕಡೆ ಕಳಿಸ್ಲಿಕ್ಕೆ ಆಗ್ತದಾ?” ಹೊಳೆಗೆ ಬಿಡಬೇಡಿ, ಕೆಳಗಿನವರು ಕುಡಿಯುತ್ತಾರೆ ಎಂದು ಸಾಹೇಬರು ಹೇಳಿದರು. ದನ ಕೂಡ ಇಳಿಯದ ಹಳೆಯ ಮದಕವೊಂದು ತನ್ನ ಜಾಗದಲ್ಲಿ ಉಂಟು, ಮಳೆನೀರು ನಿಲ್ಲುವ ಆ ಹೊಂಡ ಯಾರಿಗೂ ಬೇಡ ಎಂದು ರುಕ್ಮಯ್ಯ ಗೌಡರೇ ಮುಂದೆ ಬಂದರು. ಅವರಿಗೆ ನಿಮ್ಮ ಮಾತು ಪೂರ್ತಿ ಅರ್ಥವಾಗಿತ್ತೋ ಇಲ್ಲವೋ. ನೀವು ಮೊದಲ ಕೊಡಪಾನ ಎತ್ತಿ ಹೆಗಲಿಗಿಟ್ಟುಕೊಂಡಿರಿ. ಅದು ನೋಡಿ ಊರು ಎದ್ದಿತು. ಬಾವಿಯಿಂದ ಮದಕದ ತನಕ ಜನ ಸಾಲಾಗಿ ನಿಂತು ಕೊಡಪಾನ ಕೈಯಿಂದ ಕೈಗೆ ದಾಟಿಸಿದರು. ಸೇಸಮ್ಮ ನೀರಿನ ಹತ್ತಿರ ನಿಂತು, ಚೆಲ್ಲದೆ, ಬಗ್ಗಿ ಬಗ್ಗಿ ಇಳಿಸಿದರು. ಮಗಳನ್ನು ಕೊಂಡುಹೋದ ಬಾವಿಯ ನೀರನ್ನು ಅವರು ಹಿಡಿದದ್ದು ಹಾಗೆ. ಹೊತ್ತು ಇಳಿಯುವಷ್ಟರಲ್ಲಿ ಬಾವಿಯ ತಳ ಕಂಡಿತು. ಒಂದು ಆಮೆ, ಕೆಲವು ಮೀನು, ಕಪ್ಪೆಗಳು ಕೂಡ ಮದಕಕ್ಕೆ ಹೋದವು. ಎಲ್ಲವನ್ನೂ ಸಾಗಿಸಲು ಆಗುವುದಿಲ್ಲ, ಒರತೆಯ ಜೊತೆ ಮತ್ತೆ ಬರುತ್ತವೆ ಎಂದು ನಿಮಗೂ ಗೊತ್ತಿತ್ತು.

ಒರತೆ ಏರಿದ ಮೇಲೆ ಸಾಹೇಬರು ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿಟ್ಟರು. ನಾನು ಕೈ ಚಾಚಿದೆ. ನೀವು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಹಗ್ಗ ಹಿಡಿದಿರಿ. ಬಸದಿಯಲ್ಲಿ ಅಭಿಷೇಕ ಮಾಡುವ ಕೈ ಅದು. ಆ ಬಕೆಟ್ಟನ್ನು ನೀವು ಮೇಲಿಂದ ಸುರಿಯಲಿಲ್ಲ. ನೀರಿನ ಮಟ್ಟದ ತನಕ ಇಳಿಸಿ, ಅವಕ್ಕೆ ಪೆಟ್ಟಾಗದ ಹಾಗೆ ಮೆಲ್ಲಗೆ ಬಿಟ್ಟಿರಿ. ಸಾಯಿಸುವಾಗಲೂ ಪೆಟ್ಟಾಗಬಾರದೆಂದು ನೋಡಿಕೊಂಡವರನ್ನು ನಾನು ಇನ್ನೆಲ್ಲೂ ಕಾಣಲಾರೆ.

ಸೋಮವಾರ ಬೆಳಗ್ಗೆ ನೀರು ಎತ್ತಿದಾಗ ಮದ್ದಿನ ವಾಸನೆಗೆ ಎಲ್ಲರೂ ಹಿಂದೆ ಸರಿದರು. ನಾನು ಲೋಟದಲ್ಲಿ ತುಂಬಿಸಿ ಬಾಯಿಗೆ ಇಡುವಾಗ “ಇಲ್ಲಿ ಕೊಡು” ಎಂದಿರಿ. ನಿಮ್ಮ ಗಿಂಡಿಯಲ್ಲಿ ಮನೆಯ ನೀರು ಇನ್ನೂ ಇತ್ತು. ಆದರೂ ನನ್ನ ಕೈಯಿಂದ ತೆಗೆದುಕೊಂಡು ಕುಡಿದಿರಿ. ಆಮೇಲೆ ಸೇಸಮ್ಮ ಕುಡಿದರು, ಆಮೇಲೆ ಎಲ್ಲರೂ.

ಸೇಸಮ್ಮನ ಮಗ ಮನೆಗೆ ಬಂದಿದ್ದಾನೆ, ಗಂಜಿ ಉಣ್ಣುತ್ತಾನೆ. ಹೊಸದಾಗಿ ಯಾರಿಗೂ ಭೇದಿ ಇಲ್ಲ. ಒಂದೇ ಸಲ ಹಾಕಿದರೆ ಸಾಲದು, ತಿಂಗಳು ತಿಂಗಳೂ ಹಾಕಬೇಕೆಂದು ಶುಕೂರ್ ಸಾಹೇಬರು ಒಂದು ಡಬ್ಬ ಬಿಟ್ಟುಹೋಗಿದ್ದಾರೆ. ಊರಿಗೆ ಈಗ ಧೈರ್ಯ ಬಂದಿದೆ. ಮುಂದಿನದನ್ನು ನಾನು ಹಾಕುತ್ತೇನೆ, ನೀವು ಇನ್ನು ಇದರಲ್ಲಿ ಬೀಳಬೇಡಿ.

ನಿಮ್ಮ
ಶಶಿ


ಮೂಡುಬಿದಿರೆ
3 ಜನವರಿ 1960

ಶಶಿ,

ಬಸದಿಯ ಹಿರಿಯರಿಗೆ ನಾನು ಮಾಡಿದ್ದನ್ನು ನಾನೇ ಹೋಗಿ ಹೇಳಿದೆ. ಕೆಲವರು ಬೈದರು, ಕೆಲವರು ಸುಮ್ಮನಿದ್ದರು. ಸದ್ಯಕ್ಕೆ ಅಭಿಷೇಕವನ್ನು ನನ್ನ ತಮ್ಮ ಮಾಡುತ್ತಾನೆ, ನಾನು ಹೊರಗೆ ನಿಂತು ನೋಡುತ್ತೇನೆ. ಪ್ರಾಯಶ್ಚಿತ್ತದ ಉಪವಾಸಗಳು ನಡೆಯುತ್ತಿವೆ. ಮೈ ಸ್ವಲ್ಪ ಇಳಿದಿದೆ, ಅದಕ್ಕೆ ನೀನು ಕಾಗದದ ಮೇಲೆ ಕಾಗದ ಬರೆಯಬೇಡ.

ಆ ದಿನ ನಾನು ಮಾತಾಡದೆ ಬಂದದ್ದು ಸಿಟ್ಟಿನಿಂದಲ್ಲ, ಮಾತು ಏಳಲಿಲ್ಲ. ನೀರಿನಲ್ಲಿ ಜೀವವುಂಟು ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಟ್ಟವನು ನಾನು. ಹೇಳುವಾಗ ಒಂದೊಂದು ದಿನ ನನ್ನೊಳಗೇ ಒಂದು ಸಣ್ಣ ಸಂಶಯ ಇರುತ್ತಿತ್ತು, ಅದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಆ ಗಾಜಿನಲ್ಲಿ ನೋಡಿದಾಗ ಒಂದು ಸಣ್ಣದು ಹನಿಯ ಅಂಚಿನ ತನಕ ಬಂತು, ಅಲ್ಲಿ ಲೋಕ ಮುಗಿಯಿತೆಂದು ಗೊತ್ತಾಗಿ ತಿರುಗಿ ಹೋಯಿತು. ಅದಕ್ಕೂ ಬದುಕುವ ಆಸೆ. ಅದು ಯಾರಿಗೂ ಏನೂ ಮಾಡಿಲ್ಲ. ತಪ್ಪು ಮಾಡಿದವು ಆ ಗಾಜಿಗೂ ಕಾಣುವುದಿಲ್ಲವಂತೆ. ಅದನ್ನು ನೋಡುತ್ತಿರುವಾಗಲೇ ನನ್ನ ಬೆನ್ನ ಹಿಂದೆ ಆ ಸೇಸಮ್ಮ ಉಸಿರಾಡುವುದು ಕೇಳುತ್ತಿತ್ತು. ಎರಡೂ ಕಡೆ ಜೀವ. ನಾನು ನಡುವೆ ಬಗ್ಗಿ ನಿಂತಿದ್ದೆ.

ಒಬ್ಬರ ಕರ್ಮವನ್ನು ಇನ್ನೊಬ್ಬರು ಹೊರಲಾರರು. ತಂದೆ ಮಗಳದ್ದನ್ನು ಕೂಡ. ಇದನ್ನು ಎಷ್ಟೋ ಮನೆಗಳ ಚಾವಡಿಯಲ್ಲಿ ಕೂತು ನಾನೇ ಬಿಡಿಸಿ ಹೇಳಿದ್ದೇನೆ. ಹಾಕಬೇಕೆಂದು ನಿಶ್ಚಯಿಸಿದವಳು ನೀನು, ಹಾಕಿದವನು ನಾನು. ಅದು ಇಬ್ಬರಿಗೂ ಅಂಟುತ್ತದೆ. ನಿನ್ನ ಪಾಲಿನಿಂದ ಎಳ್ಳಷ್ಟನ್ನೂ ನಾನು ತೆಗೆದುಕೊಳ್ಳಲಿಕ್ಕೆ ಆಗಲಿಲ್ಲ, ಆಗುವುದೂ ಇಲ್ಲ. ಬಸ್ಸು ಹತ್ತುವಾಗಲೇ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಂದೆ.

ಮುಂದಿನದನ್ನು ನೀನು ಹಾಕುತ್ತಿ ಎಂದು ಬರೆದಿದ್ದಿ. ಬೇಡ. ಶನಿವಾರದ ಬಸ್ಸಿಗೆ ಬರುತ್ತೇನೆ, ನಡೆಯಲು ಆಗುವಷ್ಟು ಕಾಲ ಪ್ರತಿ ತಿಂಗಳೂ ಬರುತ್ತೇನೆ. ನಾನು ಬಂದು ಮುಟ್ಟುವ ತನಕ ಆ ಡಬ್ಬದ ಮುಚ್ಚಳ ನೀನು ತೆಗೆಯಬೇಡ.

ಅನಂತರಾಜ ಇಂದ್ರ